ಡೆಬಿಯನ್ 12ರ ಮ್ಯಾಲೆ ಕೈಯಿಂದ ಎಕ್ಸ್‌ಎಫ್‌ಸಿಇ: ಪರದೆ 1024×768ಕ್ಕ ನಿಂತದ, ಪೆನ್‌ಡ್ರೈವ್ ಕಾಣಂಗಿಲ್ಲ, ಒತ್ತಕ್ಷರ ಒಡೀತಾವ

ಬ್ಯಾಡಗಿ ಓದುಮನಿ

ನಮಸ್ಕಾರ್ರಿ ಎಲ್ಲಾರಿಗೂ. ಬ್ಯಾಡಗಿ ತಾಲೂಕಿನ ಒಂದು ಹಳ್ಳಿ ವಾಚನಾಲಯಕ್ಕ ಆರು ಹಳೇ ಡೆಸ್ಕ್‌ಟಾಪ್ ಬಂದಾವ. ನಾಲ್ಕು ಇಂಟೆಲ್ ಐ3 ನಾಲ್ಕನೇ ಪೀಳಿಗೀವು, 4 ಜಿಬಿ ರ‍್ಯಾಮ್. ಎರಡು ಕೋರ್ 2 ಡ್ಯುಯೋ, 2 ಜಿಬಿ. ಮಾನಿಟರ್ ಎಲ್ಲಾ 1600×900, ವಿಜಿಎ ಕೇಬಲ್.

ಡೆಬಿಯನ್ 12 ಲಿನಕ್ಸ್‌ನ ನೆಟ್‌ಇನ್‌ಸ್ಟ್ (ಉಳಿದದ್ದನ್ನ ನೆಟ್‌ನಿಂದ ತರೂ ಸಣ್ಣ ಇನ್ಸ್ಟಾಲರ್) ಹಾಕೇವಿ, ಡೆಸ್ಕ್‌ಟಾಪ್ ಟಿಕ್ ತಗದು. ಆಮ್ಯಾಲೆ ಎಕ್ಸ್‌ಎಫ್‌ಸಿಇ ಅನ್ನೂ ಹಗುರ ಡೆಸ್ಕ್‌ಟಾಪ್ ಹಿಂಗ ಹಾಕಿದ್ದು:

ಸುಡೊ ಆಪ್ಟ್ ಇನ್‌ಸ್ಟಾಲ್ --ನೋ-ಇನ್‌ಸ್ಟಾಲ್-ರೆಕಮೆಂಡ್ಸ್ ಎಕ್ಸ್‌ಎಫ್‌ಸಿಇ4 ಲೈಟ್‌ಡಿಎಂ ಎಕ್ಸ್‌ಸರ್ವರ್-ಎಕ್ಸ್‌ಆರ್ಗ್

ಲಾಗಿನ್ ಪರದೆ ಬರ್ತದ, ಎಕ್ಸ್‌ಎಫ್‌ಸಿಇ ತೆರೀತದ. ತೊಂದ್ರಿ ಇವು: ಪರದೆ 1024×768 ಬಿಟ್ಟು ಮ್ಯಾಲ ಹೋಗಂಗಿಲ್ಲ, ಪೆನ್‌ಡ್ರೈವ್ ಹಾಕಿದ್ರ ಕಡತ ತೋರಿಸೂ ಥುನಾರ್‌ನ್ಯಾಗ ಕಾಣಂಗಿಲ್ಲ, ತಂತಿ ನೆಟ್ ಓಡ್ತದ ಆದ್ರ ವೈಫೈ ಆರಿಸಾಕ ಪ್ಯಾನೆಲ್‌ನ್ಯಾಗ ಏನೂ ಇಲ್ಲ, ಟರ್ಮಿನಲ್‌ನ್ಯಾಗ ಕನ್ನಡ ಒತ್ತಕ್ಷರ ಒಡದು ಕಾಣ್ತಾವ. ಹುಡುಗರು ಕಲ್ತಿದ್ದು ನುಡಿ ಕೀಲಿಮಣಿ, ಅದ ಬೇಕು. ಇಂಟರ್ನೆಟ್ ಅಂದ್ರ ಫೋನ್ ಟೆದರಿಂಗ್ ಅಷ್ಟ, ಡೇಟಾ ಅಳತಿ ಮ್ಯಾಲೆ.

ಉಣಕಲ್ ಯುನಿಕ್ಸ್

ಇವು ನಾಲ್ಕೂ ಬ್ಯಾರೆ ಬ್ಯಾರೆ ಪದರಿನ ತೊಂದ್ರಿ. ಕೂಡಿಸಿ ನೋಡಿದ್ರ ಎಲ್ಲಾ ಮತ್ತ ಇನ್‌ಸ್ಟಾಲ್ ಮಾಡೂಣು ಅನಿಸ್ತದ. ಬ್ಯಾಡ. ಕೆಳಗಿಂದ ಮ್ಯಾಲ ಬರ್ರಿ: ಮೊದಲು ಕರ್ನಲ್‌ನ ಗ್ರಾಫಿಕ್ಸ್ ಡ್ರೈವರ್, ಅದರ ಮ್ಯಾಲೆ ಎಕ್ಸ್ ಸರ್ವರ್ (ಪರದೆ ಮ್ಯಾಲೆ ಕಿಟಕಿ ತೋರಿಸೂದು), ಆಮ್ಯಾಲೆ ಎಕ್ಸ್‌ಎಫ್‌ಸಿಇ, ಎಲ್ಲಾದ್ರ ಮ್ಯಾಲೆ ಫಾಂಟು ಮತ್ತ ಕೀಲಿಮಣಿ. ಕೆಳಗಿನ ಪದರು ಖಾತ್ರಿ ಆಗೂತನಕ ಮ್ಯಾಲಿನದನ್ನ ಮುಟ್ಟಬ್ಯಾಡ್ರಿ.

ಆಜ್ಞೆಗಳನ್ನ ಕನ್ನಡ ಅಕ್ಷರದಾಗ ಬರೀತೀನಿ, ಬ್ಯಾರೆ ಹೇಳದಿದ್ರ ಟೈಪ್ ಮಾಡೂದು ಇಂಗ್ಲಿಷ್ ಸಣ್ಣಕ್ಷರದಾಗ. ಮೊದಲು ಇವು ಮೂರು ನೋಡಿ ಹೇಳ್ರಿ:

ಕ್ಯಾಟ್ /ಪ್ರಾಕ್/ಸಿಎಂಡಿಲೈನ್
ಎಲ್‌ಎಸ್ /ಡೆವ್/ಡಿಆರ್‌ಐ
ಎಲ್‌ಎಸ್‌ಪಿಸಿಐ -ಕೆ

ಮೊದಲನೇದರಾಗ ನೋಮೋಡ್‌ಸೆಟ್ ಅನ್ನೂ ಶಬ್ದ ಅದನೋ ಇಲ್ಲೋ ನೋಡ್ರಿ. ಎರಡನೇದರಾಗ ಕಾರ್ಡ್0 ಮತ್ತ ರೆಂಡರ್‌ಡಿ128 ಎರಡೂ ಇರಬೇಕು. ಮೂರನೇದರಾಗ ವಿಜಿಎ ಸಾಲಿನ ಕೆಳಗ ಬಳಕೆಯೊಳಗಿನ ಡ್ರೈವರ್ ಐ915 ಅಂತ ಬರಬೇಕು. ನೋಮೋಡ್‌ಸೆಟ್ ಇದ್ರ ಕರ್ನಲ್ ಆ ಡ್ರೈವರ್‌ನ ಏಳಿಸೂದ ಇಲ್ಲ. ಎಕ್ಸ್ ಆವಾಗ ಫರ್ಮ್‌ವೇರ್ ಕೊಟ್ಟ ಹಳೇ ಫ್ರೇಮ್‌ಬಫರ್ ಮ್ಯಾಲೆ ಓಡ್ತದ, ಪರದೆ ಅಳತಿ ಬದಲಾಗಂಗಿಲ್ಲ, ಕಿಟಕಿ ಸರಿಸಿದ್ರೂ ಪ್ರೊಸೆಸರ್‌ಗೆ ಭಾರ ಬೀಳ್ತದ.

ಬ್ಯಾಡಗಿ ಓದುಮನಿ

ಐ3 ಮೂರರಾಗ ನೋಮೋಡ್‌ಸೆಟ್ ಅದ, ಡಿಆರ್‌ಐ ಫೋಲ್ಡರ್ ಇಲ್ಲವ ಇಲ್ಲ. ಇನ್ಸ್ಟಾಲರ್ ಕಪ್ಪು ಪರದೆ ತೋರಿಸ್ತದ ಅಂತ ಹಾಕಿದ್ದು. ನಾಲ್ಕನೇ ಐ3ನ್ಯಾಗ ನೋಮೋಡ್‌ಸೆಟ್ ಇಲ್ಲ, ಐ915 ಅದ, ಕಾರ್ಡ್0 ಅದ, ಆದ್ರೂ 1024×768. ಕೋರ್ 2 ಡ್ಯುಯೋ ಎರಡೂ ಸರಿಯಾಗಿ 1600×900 ಬರ್ತಾವ.

ಉಣಕಲ್ ಯುನಿಕ್ಸ್

ಮೂರರದ್ದು ಸಸಾರ. ಗ್ರಬ್ ಅಂದ್ರ ಲಿನಕ್ಸ್ ಬೂಟ್ ಮಾಡಿಸೂ ಪ್ರೋಗ್ರಾಂ; ಅದರ /ಇಟಿಸಿ/ಡಿಫಾಲ್ಟ್/ಗ್ರಬ್ ಕಡತ ತೆರೀರಿ. ಗ್ರಬ್_ಸಿಎಂಡಿಲೈನ್_ಲಿನಕ್ಸ್_ಡಿಫಾಲ್ಟ್ ಮತ್ತ ಗ್ರಬ್_ಸಿಎಂಡಿಲೈನ್_ಲಿನಕ್ಸ್, ಎರಡೂ ಸಾಲು ನೋಡಿ ನೋಮೋಡ್‌ಸೆಟ್ ತಗೀರಿ. ಕಡತ ಉಳಿಸಿ ಸುಡೊ ಅಪ್‌ಡೇಟ್-ಗ್ರಬ್, ಆಮ್ಯಾಲೆ ರೀಬೂಟ್. ಅಪ್‌ಡೇಟ್-ಗ್ರಬ್ ಮಾಡಲಿಲ್ಲ ಅಂದ್ರ ಬದಲಾವಣಿ ಕಡತದಾಗ ಉಳೀತದ, ಬೂಟ್‌ಗೆ ಮುಟ್ಟಂಗಿಲ್ಲ.

ಬೂಟ್ ಆಗುವಾಗ ಒಂದು ಕ್ಷಣ ಅಕ್ಷರ ದೊಡ್ಡವಿದ್ದು ಆಮ್ಯಾಲೆ ಸಣ್ಣಾದ್ರ ಡ್ರೈವರ್ ಎದ್ದಂಗ. ಖಾತ್ರಿಗೆ ಮೆಸಾ-ಯುಟಿಲ್ಸ್ ಹಾಕಿ ಜಿಎಲ್‌ಎಕ್ಸ್‌ಇನ್ಫೊ -ಬಿ (ಕಡೀ ಅಕ್ಷರ ದೊಡ್ಡದು) ಕೊಡ್ರಿ. ರೆಂಡರರ್ ಸಾಲಿನ್ಯಾಗ ಇಂಟೆಲ್ ಹೆಸರು ಬರಬೇಕು. ಎಲ್‌ಎಲ್‌ವಿಎಂಪೈಪ್ ಅಂತ ಬಂದ್ರ ಚಿತ್ರ ಎಲ್ಲಾ ಪ್ರೊಸೆಸರ್ ಬಿಡಿಸಾಕತ್ತದ ಅಂತ ತಿಳ್ಕೋರಿ.

ಹಳೇ ಲೇಖನ ಓದಿ ಎಕ್ಸ್‌ಸರ್ವರ್-ಎಕ್ಸ್‌ಆರ್ಗ್-ವಿಡಿಯೊ-ಇಂಟೆಲ್ ಹಾಕಬ್ಯಾಡ್ರಿ. ಐ3 ಮಶೀನಿಗೆ ಎಕ್ಸ್ ಜೋಡಿ ಬರೂ ಮೋಡ್‌ಸೆಟ್ಟಿಂಗ್ ಡ್ರೈವರ್ ಸಾಕು. ಹಂಗ ಎಕ್ಸ್‌ಆರ್ಗ್.ಕಾನ್ಫ್ ಕಡತ ಮಾಡೂದೂ ಬ್ಯಾಡ. ತಪ್ಪು ಡ್ರೈವರ್ ಹೆಸರಿನ ಹಳೇ ಕಡತ ಉಳದಿದ್ರ ಲಾಗಿನ್ ಪರದೇನೂ ಬರಂಗಿಲ್ಲ.

ಹಳೇಹುಬ್ಬಳ್ಳಿ ಹಾರ್ಡ್‌ವೇರ್

ನಾಲ್ಕನೇ ಐ3 ಕೇಬಲ್ ಕೇಸ್ ಇರಬೇಕ್ರಿ. ಮಾನಿಟರ್ ತನ್ನ ಅಳತಿ ಎಷ್ಟು ಅನ್ನೂದನ್ನ ಇಡಿಐಡಿ ಅನ್ನೂ ಸಣ್ಣ ಮಾಹಿತಿ ತುಣುಕಿನ್ಯಾಗ ಕಂಪ್ಯೂಟರಿಗೆ ಹೇಳ್ತೈತಿ. ವಿಜಿಎದಾಗ ಅದು ಹೋಗೂದು 12 ಮತ್ತು 15ನೇ ಪಿನ್ ಮ್ಯಾಲೆ. ತೆಳ್ಳಗಿನ ಅಗ್ಗದ ಕೇಬಲ್, ಎಕ್ಸ್‌ಟೆನ್ಶನ್, ಎರಡು ಮಾನಿಟರ್ ಸ್ಪ್ಲಿಟ್ಟರ್ ಇವುಗಳಾಗ ಆ ತಂತಿ ಜೋಡಿಸಿರೂದ ಇಲ್ಲ ಹಲವು ಸಲ. ಬಣ್ಣದ ತಂತಿ ಸರಿ ಇರ್ತಾವ, ಅದಕ್ಕ ಚಿತ್ರ ಬರ್ತೈತಿ. ಅಳತಿ ಗೊತ್ತಿಲ್ಲದ್ದಕ್ಕ ಕರ್ನಲ್ 1024×768ಕ್ಕ ನಿಲ್ತೈತಿ. 9ನೇ ಪಿನ್ ಇಲ್ಲದಿದ್ರ ಹೆದರಬ್ಯಾಡ್ರಿ, ಅದು ಬಿಟ್ಟಿರೂ ಕೇಬಲ್ ಭಾಳ ಅದಾವು.

ಪರೀಕ್ಷೆ (ಇಲ್ಲೂ ಕೆಳಗೂ ವಿಜಿಎ-1 ದೊಡ್ಡಕ್ಷರದಾಗ):

ಕ್ಯಾಟ್ /ಸಿಸ್/ಕ್ಲಾಸ್/ಡಿಆರ್‌ಎಂ/ಕಾರ್ಡ್0-ವಿಜಿಎ-1/ಇಡಿಐಡಿ | ಡಬ್ಲ್ಯುಸಿ -ಸಿ

128 ಅಥವಾ 256 ಬಂದ್ರ ಮಾಹಿತಿ ಬರಾಕತ್ತೈತಿ. 0 ಬಂದ್ರ ಇಲ್ಲ. ಸರಿ ಬರೂ ಕೋರ್ 2 ಡ್ಯುಯೋದ ಕೇಬಲ್ ತಗದು ಇದಕ್ಕ ಹಾಕಿ ನೋಡ್ರಿ. ಆವಾಗ 128 ಬಂದ್ರ ಹೊಸ ಕೇಬಲ್ ತರ್ರಿ, ಸಾಫ್ಟ್‌ವೇರ್ ಗೊಡವಿ ಬ್ಯಾಡ.

ಕೇಬಲ್ ಸಿಗೂತನಕ ಒತ್ತಾಯದಿಂದ ಅಳತಿ ಕೊಡಬಹುದು. ಮೊದಲು ತಾತ್ಕಾಲಿಕ:

ಎಕ್ಸ್‌ರ‍್ಯಾಂಡ್‌ಆರ್ --ನ್ಯೂಮೋಡ್ 1600ಎಕ್ಸ್900 118.25 1600 1696 1856 2112 900 903 908 934 -ಎಚ್‌ಸಿಂಕ್ +ವಿಸಿಂಕ್
ಎಕ್ಸ್‌ರ‍್ಯಾಂಡ್‌ಆರ್ --ಆಡ್‌ಮೋಡ್ ವಿಜಿಎ-1 1600ಎಕ್ಸ್900
ಎಕ್ಸ್‌ರ‍್ಯಾಂಡ್‌ಆರ್ --ಔಟ್‌ಪುಟ್ ವಿಜಿಎ-1 --ಮೋಡ್ 1600ಎಕ್ಸ್900

ಆ ಅಂಕಿ ಸಿವಿಟಿ 1600 900 60 ಅಂತ ಕೊಟ್ರ ಬರ್ತಾವು. ಮಾನಿಟರ್ ಬ್ಯಾರೆ ಅಳತಿದಾದ್ರ ಅದನ್ನ ಕೊಟ್ಟು ಹೊಸಾ ಅಂಕಿ ತಗೋರಿ. 1366×768 ಕೇಳಿದ್ರ ಸಿವಿಟಿ 1368 ಅಂತ ಕೊಡ್ತೈತಿ, ಅಗಲವನ್ನ 8ರ ಪಟ್ಟಿಗೆ ಹೊಂದಿಸ್ತೈತಿ ಅದಕ್ಕ.

ಪರದೆ ಸರಿ ಬಂತಂದ್ರ ಕಾಯಂ ಮಾಡಾಕ ಅದ ಗ್ರಬ್ ಸಾಲಿಗೆ ವಿಡಿಯೊ=ವಿಜಿಎ-1:1600ಎಕ್ಸ್900ಎಂ@60 ಸೇರಿಸಿ ಅಪ್‌ಡೇಟ್-ಗ್ರಬ್. ನಡುವಿನ ಎಕ್ಸ್ ಸಣ್ಣಕ್ಷರ, ಎಂ ದೊಡ್ಡಕ್ಷರ. ಪೋರ್ಟ್ ಹೆಸರು ದೊಡ್ಡಕ್ಷರದಾಗ, ಎಕ್ಸ್‌ರ‍್ಯಾಂಡ್‌ಆರ್ ತೋರಿಸಿದಂಗ ಬರೀರಿ.

ಸಪ್ತಾಪುರ ಶೆಲ್

ವೈಫೈ ಪಟ್ಟಿ ಬಾರದ್ದು ಡೆಸ್ಕ್‌ಟಾಪ್ ಟಿಕ್ ತೆಗೆದದ್ದಕ್ಕೆ. ಪೆನ್‌ಡ್ರೈವ್ ಕಾಣದ್ದಕ್ಕೆ ಬೇರು --ನೋ-ಇನ್‌ಸ್ಟಾಲ್-ರೆಕಮೆಂಡ್ಸ್, ಅಂದರೆ ಶಿಫಾರಸು ಪ್ಯಾಕೇಜ್ ಬೇಡ ಎಂಬ ಆಯ್ಕೆ. ಅದು ಜಾಗ ಉಳಿಸುತ್ತದೆ ಎಂದು ಎಲ್ಲೆಡೆ ಬರೆದಿರುತ್ತಾರೆ. ಸರ್ವರ್‌ಗೆ ಸರಿ. ಡೆಸ್ಕ್‌ಟಾಪ್‌ನಲ್ಲಿ ಮಾತ್ರ ದಿನದ ಬಳಕೆಗೆ ಬೇಕಾದ ಹೆಚ್ಚಿನ ತುಣುಕುಗಳು ಇರುವುದೇ ಶಿಫಾರಸು ಪಟ್ಟಿಯಲ್ಲಿ. ಎಕ್ಸ್‌ಆರ್ಗ್ ಕೂಡ ಎಕ್ಸ್‌ಎಫ್‌ಸಿಇ4ರ ಶಿಫಾರಸು ಪಟ್ಟಿಯಲ್ಲೇ ಇದೆ. ನೀವು ಎಕ್ಸ್ ಸರ್ವರನ್ನು ಕೈಯಿಂದ ಸೇರಿಸಬೇಕಾಗಿ ಬಂದದ್ದು ಅದಕ್ಕೇ.

ಈಗ ಎಕ್ಸ್‌ಎಫ್‌ಸಿಇ4 ಮತ್ತೆ ಇನ್‌ಸ್ಟಾಲ್ ಎಂದರೆ ಈಗಾಗಲೇ ಇದೆ ಎಂದು ಸುಮ್ಮನಾಗುತ್ತದೆ. ಬಿಟ್ಟುಹೋದವನ್ನು ಹೆಸರಿಟ್ಟೇ ಹಾಕಬೇಕು:

ಪೆನ್‌ಡ್ರೈವ್, ಫೋನ್: ಜಿವಿಎಫ್‌ಎಸ್, ಜಿವಿಎಫ್‌ಎಸ್-ಬ್ಯಾಕೆಂಡ್ಸ್, ಯುಡಿಸ್ಕ್ಸ್2, ಥುನಾರ್-ವೋಲ್‌ಮ್ಯಾನ್. ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕ್‌ಗೆ ಎನ್‌ಟಿಎಫ್‌ಎಸ್-3ಜಿ.
ಪಾಸ್‌ವರ್ಡ್ ಕೇಳುವ ಕಿಟಕಿ: ಎಲ್‌ಎಕ್ಸ್‌ಪೋಲ್‌ಕಿಟ್. ಇದಿಲ್ಲದಿದ್ದರೆ ಅನುಮತಿ ಬೇಕಾದ ಕೆಲಸ ಏನೂ ಹೇಳದೆ ನಿಂತುಬಿಡುತ್ತದೆ.
ಶಟ್‌ಡೌನ್ ಬಟನ್ ಮಸುಕಾಗಿದ್ದರೆ: ಲಿಬ್‌ಪ್ಯಾಮ್-ಸಿಸ್ಟಮ್‌ಡಿ, ಡಿಬಸ್-ಎಕ್ಸ್11.
ಧ್ವನಿ: ಪಲ್ಸ್‌ಆಡಿಯೊ, ಪಾವುಕಂಟ್ರೋಲ್.
ನೆಟ್: ನೆಟ್‌ವರ್ಕ್-ಮ್ಯಾನೇಜರ್, ನೆಟ್‌ವರ್ಕ್-ಮ್ಯಾನೇಜರ್-ಗ್ನೋಮ್.

ಹಾಕಿದ ಮೇಲೆ ಲಾಗೌಟ್ ಸಾಲದು, ಒಮ್ಮೆ ರೀಬೂಟ್ ಮಾಡಿ.

ನೆಟ್‌ನಲ್ಲಿ ಇನ್ನೊಂದು ತೊಡಕು ಬರುತ್ತದೆ. ಡೆಸ್ಕ್‌ಟಾಪ್ ಇಲ್ಲದೆ ಇನ್‌ಸ್ಟಾಲ್ ಮಾಡಿದಾಗ ಡೆಬಿಯನ್ ತಂತಿ ಕಾರ್ಡ್‌ನ ವಿವರವನ್ನು /ಇಟಿಸಿ/ನೆಟ್‌ವರ್ಕ್/ಇಂಟರ್ಫೇಸಸ್ ಕಡತದಲ್ಲಿ ಬರೆದಿಡುತ್ತದೆ. ಅಲ್ಲಿ ಹೆಸರಿರುವ ಕಾರ್ಡನ್ನು ನೆಟ್‌ವರ್ಕ್ ಮ್ಯಾನೇಜರ್ ಮುಟ್ಟುವುದಿಲ್ಲ. ಎನ್‌ಎಂಸಿಎಲ್‌ಐ ಡಿವೈಸ್ ಎಂದರೆ ಅನ್‌ಮ್ಯಾನೇಜ್ಡ್ ಎಂದು ತೋರಿಸುತ್ತದೆ. ಲೋ ಎಂಬ ಲೂಪ್‌ಬ್ಯಾಕ್ ಸಾಲುಗಳನ್ನು ಬಿಟ್ಟು ಉಳಿದ ಕಾರ್ಡ್ ಸಾಲುಗಳ ಮುಂದೆ # ಹಾಕಿ ರೀಬೂಟ್ ಮಾಡಿ. ನೆಟ್‌ವರ್ಕ್ ಮ್ಯಾನೇಜರ್ ಇನ್‌ಸ್ಟಾಲ್ ಆಗಿದೆ ಎಂದು ಖಾತ್ರಿ ಆದ ಮೇಲಷ್ಟೇ ಇದನ್ನು ಮಾಡಿ. ಮೊದಲೇ ಮಾಡಿದರೆ ಇರುವ ನೆಟ್ಟೂ ಹೋಗುತ್ತದೆ, ಪ್ಯಾಕೇಜ್ ತರಲು ದಾರಿ ಇರುವುದಿಲ್ಲ.

ಡೇಟಾ ಉಳಿಸಲು: ಒಂದು ಐ3ರಲ್ಲಿ ಆಪ್ಟ್-ಕ್ಯಾಶರ್-ಎನ್‌ಜಿ ಹಾಕಿ, ಇಳಿದ ಪ್ಯಾಕೇಜ್ ಕೂಡಿಟ್ಟು ಎಲ್ಲ ಮಶೀನಿಗೂ ಹಂಚುತ್ತದೆ. ಅದು 3142ನೇ ಪೋರ್ಟ್‌ನಲ್ಲಿ ಕೂರುತ್ತದೆ. ಆ ಮಶೀನೂ ಸೇರಿ ಆರರಲ್ಲೂ /ಇಟಿಸಿ/ಆಪ್ಟ್/ಆಪ್ಟ್.ಕಾನ್ಫ್.ಡಿ/01ಪ್ರಾಕ್ಸಿ ಎಂಬ ಕಡತ ಮಾಡಿ ಒಂದೇ ಸಾಲು ಬರೆಯಿರಿ:

ಅಕ್ವೈರ್::ಎಚ್‌ಟಿಟಿಪಿ::ಪ್ರಾಕ್ಸಿ "ಎಚ್‌ಟಿಟಿಪಿ://192.168.1.10:3142";

ಐಪಿ ನಿಮ್ಮ ಮಶೀನಿನದು ಹಾಕಿ. ಕೊನೆಯ ಅರ್ಧವಿರಾಮ ಬಿಟ್ಟರೆ ಆಪ್ಟ್ ಓಡುವುದೇ ಇಲ್ಲ. ಸೋರ್ಸಸ್ ಪಟ್ಟಿಯಲ್ಲಿ ವಿಳಾಸ ಎಚ್‌ಟಿಟಿಪಿ ಎಂದೇ ಇರಲಿ, ಎಚ್‌ಟಿಟಿಪಿಎಸ್ ಆದರೆ ಸಂಗ್ರಹ ಆಗುವುದಿಲ್ಲ. ಪ್ಯಾಕೇಜ್‌ಗಳಿಗೆ ಸಹಿ ಇರುವುದರಿಂದ ಇದರಲ್ಲಿ ಅಪಾಯವಿಲ್ಲ. ಒಂದು ಪ್ಯಾಕೇಜ್ ಒಂದೇ ಸಲ ಇಳಿಯುತ್ತದೆ, ಆರೂ ಮಶೀನಿಗೆ ಸಾಕು.

ಉಣಕಲ್ ಯುನಿಕ್ಸ್

ಸಪ್ತಾಪುರದವರು ಹೇಳಿದ್ದು ಎಲ್ಲಾ ಸರಿ. ಆದ್ರ ಇಷ್ಟು ಕೈಯಿಂದ ಕೂಡಿಸೂದಕ್ಕಿಂತ ಐ3ಗಳಿಗೆ ಸುಡೊ ಟಾಸ್ಕ್‌ಸೆಲ್ (ಇನ್ಸ್ಟಾಲರ್‌ನ್ಯಾಗ ಬಂದ ಅದ ಟಿಕ್ ಪಟ್ಟಿ) ಓಡಿಸಿ ಎಕ್ಸ್‌ಎಫ್‌ಸಿಇ ಟಿಕ್ ಮಾಡೂದು ಛಲೋ. ಲಿಬ್ರೆಆಫೀಸ್, ಫೈರ್‌ಫಾಕ್ಸ್ ಸುದ್ದಾ ಬರ್ತಾವ, ವಾಚನಾಲಯಕ್ಕ ಅವು ಹೆಂಗೂ ಬೇಕು. ಆರಿಸಿ ಆರಿಸಿ ಹಾಕೂ ಹಾದಿ 2 ಜಿಬಿ ಮಶೀನಿಗೆ ಇಟ್ಕೋರಿ.

ಸಪ್ತಾಪುರ ಶೆಲ್

ಡೇಟಾ ಇದ್ದರೆ ಒಪ್ಪುತ್ತೇನೆ. ಕ್ಯಾಶರ್ ಮೊದಲು, ಟಾಸ್ಕ್‌ಸೆಲ್ ಆಮೇಲೆ. ಇನ್ನೂ ಉಳಿಸಬೇಕೆಂದರೆ ಧಾರವಾಡಕ್ಕೋ ಹುಬ್ಬಳ್ಳಿಗೋ ಬಂದಾಗ ಡೆಬಿಯನ್‌ನ ಮೊದಲ ಡಿವಿಡಿ ಇಮೇಜ್ ಇಳಿಸಿ ಪೆನ್‌ಡ್ರೈವ್‌ಗೆ ಬರೆದುಕೊಳ್ಳಿ. ಎಕ್ಸ್‌ಎಫ್‌ಸಿಇ ಅದರಲ್ಲೇ ಇರುತ್ತದೆ, ಇನ್‌ಸ್ಟಾಲ್‌ಗೆ ನೆಟ್ ಬೇಡ.

ಬ್ಯಾಡಗಿ ಓದುಮನಿ

ಮೂರು ಮಶೀನ್ 1600×900 ಬಂದ್ವು. ನಾಲ್ಕನೇದರ ಇಡಿಐಡಿ 0 ಇತ್ತು, ಕೇಬಲ್ ಬದಲಿಸಿದ್ರ 256 ಬಂತು. ಪೆನ್‌ಡ್ರೈವೂ ಕಾಣಾಕತ್ತದ. 2 ಜಿಬಿ ಮಶೀನಿಗೆ ಏನು ಮಾಡೂದ್ರಿ? ಡೆಬಿಯನ್ 13 ಹಾಕಿದ್ರ ಹಗುರ ಆಗ್ತದೇನು?

ಹಳೇಹುಬ್ಬಳ್ಳಿ ಹಾರ್ಡ್‌ವೇರ್

ಹಗುರ ಆಗೂದಿಲ್ರಿ. 2025ರ ಆಗಸ್ಟ್‌ನ್ಯಾಗ ಬಂದ 13ಕ್ಕ 32 ಬಿಟ್ ಪಿಸಿ ಇನ್ಸ್ಟಾಲರ್ ಇಲ್ಲ, ಆದ್ರ ಕೋರ್ 2 ಡ್ಯುಯೋ 64 ಬಿಟ್ ಐತಿ, ಹಂಗಾಗಿ ಹಾಕಾಕ ಅಡ್ಡಿ ಇಲ್ಲ. ಎಲ್‌ಎಸ್‌ಸಿಪಿಯು ಕೊಟ್ಟು ನೋಡ್ರಿ, 32 ಮತ್ತು 64 ಎರಡೂ ತೋರಿಸ್ತೈತಿ.

ನನ್ನ ಕೇಳಿದ್ರ ಮೊದಲು ರ‍್ಯಾಮ್ ಹಾಕ್ರಿ. ಬೋರ್ಡ್ ಡಿಡಿಆರ್2 ಐತೋ ಡಿಡಿಆರ್3 ಐತೋ ಸುಡೊ ಡಿಎಂಐಡಿಕೋಡ್ -ಟಿ ಮೆಮೊರಿ ಹೇಳ್ತೈತಿ. ನೋಡದ ಪ್ಯಾಟಿಗೆ ಹೋಗಬ್ಯಾಡ್ರಿ, ಎರಡರ ಖಾಚೂ ಬ್ಯಾರೆ ಜಾಗದಾಗ ಇರ್ತೈತಿ, ಒಂದರ ಸ್ಲಾಟಿಗೆ ಇನ್ನೊಂದು ಕೂಡಂಗಿಲ್ಲ.

ರ‍್ಯಾಮ್ ಸಿಗೂತನಕ: ಝಡ್‌ರ‍್ಯಾಮ್-ಟೂಲ್ಸ್ ಹಾಕಿ /ಇಟಿಸಿ/ಡಿಫಾಲ್ಟ್/ಝಡ್‌ರ‍್ಯಾಮ್‌ಸ್ವಾಪ್ ಕಡತದಾಗ ಆಲ್ಗೊ=ಝಡ್‌ಎಸ್‌ಟಿಡಿ, ಪರ್ಸೆಂಟ್=50 ಮಾಡ್ರಿ (ಆಲ್ಗೊ, ಪರ್ಸೆಂಟ್ ದೊಡ್ಡಕ್ಷರ). ರ‍್ಯಾಮ್‌ನ್ಯಾಗ ಸುಮ್ಮ ಕುಂತ ಡೇಟಾ ಒತ್ತಿ ಸಣ್ಣದಾಗಿ ಉಳೀತೈತಿ, ಹಾರ್ಡ್‌ಡಿಸ್ಕ್ ಸ್ವಾಪ್‌ಗೆ ಹೋಗೂದು ಕಡಿಮಿ ಆಗ್ತೈತಿ. ಎಕ್ಸ್‌ಎಫ್‌ಸಿಇದ ವಿಂಡೋ ಮ್ಯಾನೇಜರ್ ಟ್ವೀಕ್ಸ್‌ನ್ಯಾಗ ಕಂಪೋಸಿಟರ್ (ಕಿಟಕಿಗೆ ನೆರಳು, ಪಾರದರ್ಶಕತೆ ಕೊಡೂದು) ಬಂದ್ ಮಾಡ್ರಿ. ಅಷ್ಟಾದ್ರೂ ಬ್ರೌಸರ್‌ನ್ಯಾಗ ಎರಡು ಟ್ಯಾಬ್‌ಕಿಂತ ಹೆಚ್ಚು ಆಸೆ ಇಟ್ಕೋಬ್ಯಾಡ್ರಿ.

ಗದಗ ಡಿಟಿಪಿ

ಕನ್ನಡದ ವಿಷಯಕ್ಕೆ ಬರುತ್ತೇನೆ. ಮೊದಲಿಗೆ, ಒತ್ತಕ್ಷರವನ್ನು ಟರ್ಮಿನಲ್‌ನಲ್ಲಿ ಪರೀಕ್ಷಿಸಬೇಡಿ. ಎಕ್ಸ್‌ಎಫ್‌ಸಿಇ ಟರ್ಮಿನಲ್ ಒಂದೊಂದು ಅಕ್ಷರವನ್ನು ಸಮ ಅಗಲದ ಒಂದೊಂದು ಮನೆಯಲ್ಲಿ ಕೂರಿಸುತ್ತದೆ; ವ್ಯಂಜನ, ವಿರಾಮ, ವ್ಯಂಜನ ಕೂಡಿ ಒಂದೇ ರೂಪವಾಗುವ ಕನ್ನಡದ ಜೋಡಣೆಯನ್ನು ಅದು ಮಾಡುವುದಿಲ್ಲ. ಯಾವ ಫಾಂಟ್ ಹಾಕಿದರೂ ಅಲ್ಲಿ ಒಡೆಯುತ್ತದೆ. ಮೌಸ್‌ಪ್ಯಾಡ್ ಎಂಬ ಬರೆಯುವ ತಂತ್ರಾಂಶ ತೆರೆದು ಸ್ತ್ರೀ, ಕ್ಷೇತ್ರ, ಕೃಷ್ಣ, ಅರ್ಥ, ಶಾಸ್ತ್ರೀಯ ಈ ಐದು ಪದ ನೋಡಿ. ಅಲ್ಲಿ ಸರಿ ಇದ್ದರೆ ಫಾಂಟ್ ಸರಿ.

ಫಾಂಟ್‌ಗೆ ಫಾಂಟ್ಸ್-ಕೆಎನ್‌ಡಿಎ ಮತ್ತು ಫಾಂಟ್ಸ್-ನೋಟೊ-ಕೋರ್ ಹಾಕಿ. ಮೊದಲನೆಯದು ಲೋಹಿತ್ ಕನ್ನಡ, ಗುಬ್ಬಿ, ನವಿಲು ಮೂರನ್ನೂ ತರುತ್ತದೆ. ಎರಡನೆಯದರಲ್ಲಿ ನೋಟೊ ಸ್ಯಾನ್ಸ್ ಮತ್ತು ನೋಟೊ ಸೆರಿಫ್ ಕನ್ನಡ ಇವೆ. ನವಿಲು ಕೈಬರಹದ ಮಾದರಿ. ಮೆನುಗಳಲ್ಲಿ ಕೈಬರಹ ಕಂಡರೆ ವ್ಯವಸ್ಥೆ ನವಿಲನ್ನೇ ಮೊದಲ ಆಯ್ಕೆ ಮಾಡಿಕೊಂಡಿದೆ ಎಂದು ಅರ್ಥ. ಎಫ್‌ಸಿ-ಮ್ಯಾಚ್ ಸ್ಯಾನ್ಸ್:ಲ್ಯಾಂಗ್=ಕೆಎನ್ ಎಂದರೆ ಯಾವುದು ಆಯ್ಕೆಯಾಗಿದೆ ಎಂದು ಹೇಳುತ್ತದೆ. ಬೇಡವಾದರೆ ಫಾಂಟ್ಸ್-ನವಿಲು ತೆಗೆದುಬಿಡಿ. ಓದುವ ಕೆಲಸಕ್ಕೆ ನೋಟೊ ಸ್ಯಾನ್ಸ್ ನನ್ನ ಆಯ್ಕೆ. ಸಣ್ಣ ಗಾತ್ರದಲ್ಲೂ ಒತ್ತು ಸ್ಪಷ್ಟ.

ಟೈಪಿಂಗ್‌ಗೆ: ಐಬಸ್, ಐಬಸ್-ಎಂ17ಎನ್, ಐಬಸ್-ಜಿಟಿಕೆ3, ಇಮ್-ಕಾನ್ಫಿಗ್. ಐಬಸ್-ಜಿಟಿಕೆ3 ಕೂಡ ಶಿಫಾರಸು ಪಟ್ಟಿಯದು. ಅದು ಬಿಟ್ಟುಹೋದರೆ ಪ್ಯಾನೆಲ್‌ನಲ್ಲಿ ಕನ್ನಡ ಎಂದು ತೋರಿಸುತ್ತಾ, ಫೈರ್‌ಫಾಕ್ಸ್‌ನಂಥ ಕಡೆ ಟೈಪಿಂಗ್ ಕೈಕೊಡುತ್ತದೆ. ಆಮೇಲೆ ಬಳಕೆದಾರರ ಖಾತೆಯಲ್ಲಿ, ಸುಡೊ ಇಲ್ಲದೆ:

ಇಮ್-ಕಾನ್ಫಿಗ್ -ಎನ್ ಐಬಸ್

ಲಾಗೌಟ್, ಲಾಗಿನ್. ಐಬಸ್-ಸೆಟಪ್ ತೆರೆದು ಇನ್‌ಪುಟ್ ಮೆಥಡ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ ಕೀಲಿ ವಿನ್ಯಾಸ) ಸೇರಿಸಿ. ಸೂಪರ್ (ವಿಂಡೋಸ್ ಕೀಲಿ) ಮತ್ತು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ನುಡಿ ಕಲಿತವರ ಬೆರಳಿಗೆ ಇದೇ ಹೊಂದುತ್ತದೆ: ಒತ್ತಿಗೆ ಎಫ್, ಅಂದರೆ ಕೆ ಎಫ್ ಕೆ ಒತ್ತಿದರೆ ಕ್ಕ.

ಎಕ್ಸ್‌ಎಫ್‌ಸಿಇದ ಕೀಬೋರ್ಡ್ ಸೆಟ್ಟಿಂಗ್‌ನಲ್ಲೂ ಕಗಪ ಎಂಬ ಕನ್ನಡ ವಿನ್ಯಾಸ ಇದೆ. ಹೆಸರು ನೋಡಿ ಅದನ್ನು ಹಾಕಬೇಡಿ. ಅದು ಎಕ್ಸ್‌ಕೆಬಿ, ಅಂದರೆ ಎಕ್ಸ್ ಸರ್ವರ್‌ನದೇ ಕೀಲಿ ವಿನ್ಯಾಸ. ಹಿಂದಿನ ಅಕ್ಷರ ಏನೆಂದು ಅದಕ್ಕೆ ತಿಳಿಯದು, ಹಾಗಾಗಿ ಸ್ವರಕ್ಕೂ ಸ್ವರಚಿಹ್ನೆಗೂ ಬೇರೆ ಬೇರೆ ಒತ್ತು ಬೇಕು. ಎಂ17ಎನ್‌ನ ಕೆಜಿಪಿ ವ್ಯಂಜನದ ಮುಂದೆ ಬಂದ ಸ್ವರವನ್ನು ತಾನೇ ಚಿಹ್ನೆಯಾಗಿಸುತ್ತದೆ. ಎರಡನ್ನೂ ಒಟ್ಟಿಗೆ ಹಾಕಿದರೆ ಒಂದರ ಮೇಲೊಂದು ಓಡಿ ಅಕ್ಷರ ಕಲಸಿಹೋಗುತ್ತದೆ. ಎಕ್ಸ್‌ಕೆಬಿಯಲ್ಲಿ ಇಂಗ್ಲಿಷ್ ಒಂದೇ ಇರಲಿ.

ಲಿಬ್ರೆಆಫೀಸ್‌ನಲ್ಲಿ ಟೂಲ್ಸ್, ಆಪ್ಶನ್ಸ್, ಲ್ಯಾಂಗ್ವೇಜ್ ಸೆಟ್ಟಿಂಗ್ಸ್ ಒಳಗೆ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ ಟಿಕ್ ಹಾಕಿ ಕನ್ನಡ ಆರಿಸಿ. ಕನ್ನಡದ ಫಾಂಟ್ ಮತ್ತು ಗಾತ್ರ ಇಂಗ್ಲಿಷ್‌ನಿಂದ ಬೇರೆಯಾಗಿ ಅಲ್ಲಿ ನಿಲ್ಲುತ್ತದೆ. ಲಿಬ್ರೆಆಫೀಸ್-ಜಿಟಿಕೆ3 ಇಲ್ಲದಿದ್ದರೆ ಟೈಪಿಂಗ್ ತೊಡರಬಹುದು, ಅದನ್ನೂ ಹಾಕಿ.

ಹಳೆಯ ನುಡಿ ಕಡತಗಳು ತೆರೆದಾಗ ಇಂಗ್ಲಿಷ್ ಚಿಹ್ನೆಗಳ ರಾಶಿ ಕಂಡರೆ ಗಾಬರಿ ಬೇಡ. ಅವು ಯುನಿಕೋಡ್ ಅಲ್ಲ, ಫಾಂಟ್‌ನ ಆಕಾರಗಳಿಗೆ ಸಂಕೇತ ಕೊಟ್ಟ ಹಳೆಯ ಪದ್ಧತಿ. ಪರಿವರ್ತಕದಿಂದ ಯುನಿಕೋಡ್‌ಗೆ ತನ್ನಿ, ತಂದ ಮೇಲೆ ಅರ್ಕಾವೊತ್ತನ್ನು ಕಣ್ಣಿಟ್ಟು ಓದಿ. ಹಳೆಯ ಪದ್ಧತಿಯಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯುನಿಕೋಡ್‌ನಲ್ಲಿ ಮೊದಲು ಬರಬೇಕು; ತಪ್ಪು ಹೆಚ್ಚು ಆಗುವುದು ಅಲ್ಲೇ.

ರಾಣೇಬೆನ್ನೂರು ರೂಟ್

ಮುಂದ ಬರೂ ತೊಂದ್ರಿ ಎರಡು ಹೇಳಿಡ್ತೀನಿ. ಪಾಸ್‌ವರ್ಡ್ ಸರಿ ಕೊಟ್ರೂ ಲಾಗಿನ್ ಪರದೀಗೆ ವಾಪಸ್ ಬಂದ್ರ ಕಂಟ್ರೋಲ್ ಆಲ್ಟ್ ಎಫ್2 ಒತ್ತಿ ಅಕ್ಷರ ಪರದೀಗೆ ಹೋಗ್ರಿ. ಮೊದಲು ಡಿಎಫ್ -ಎಚ್. ಡಿಸ್ಕ್ ತುಂಬಿದ್ರ ಹಿಂಗ ಆಗ್ತೈತಿ. ಆಮ್ಯಾಲೆ ಎಲ್‌ಎಸ್ -ಎಲ್ .ಎಕ್ಸ್‌ಅಥಾರಿಟಿ (ಎಕ್ಸ್ ದೊಡ್ಡಕ್ಷರ). ಒಡೆತನ ರೂಟ್ ಅಂತಿದ್ರ ಯಾರೋ ಸುಡೊ ಸ್ಟಾರ್ಟ್‌ಎಕ್ಸ್ ಹೊಡದಾರ. ಆ ಕಡತ ಅಳಿಸ್ರಿ, ಮತ್ತ ತಾನ ಹುಟ್ಟತೈತಿ. ಎರಡೂ ಅಲ್ಲಂದ್ರ .ಎಕ್ಸ್‌ಸೆಷನ್-ಎರರ್ಸ್ ಕಡತದ ಕಡೀ ಸಾಲು ಓದ್ರಿ.

ಕರೆಂಟ್ ಹೋಗಿ ಬಂದ ಮ್ಯಾಲೆ ಇನಿಟ್‌ರ‍್ಯಾಮ್‌ಎಫ್‌ಎಸ್ ಅಂತ ನಿಂತ್ರ ಡಿಸ್ಕ್ ಹೋತು ಅಂತ ಅಲ್ಲ. ಅಲ್ಲೇ ತೋರಿಸಿದ ಪಾರ್ಟಿಶನ್ ಹೆಸರಿಟ್ಟು ಎಫ್‌ಎಸ್‌ಸಿಕೆ -ವೈ /ಡೆವ್/ಎಸ್‌ಡಿಎ1 ಕೊಡ್ರಿ, ಮುಗದ ಮ್ಯಾಲೆ ಎಕ್ಸಿಟ್. ಇದು ಪದೇ ಪದೇ ಬಂದ್ರ ಸ್ಮಾರ್ಟ್‌ಮಾನ್‌ಟೂಲ್ಸ್ ಹಾಕಿ ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎಸ್‌ಡಿಎ ನೋಡ್ರಿ. ರೀಅಲೊಕೇಟೆಡ್ ಸೆಕ್ಟರ್ ಅಂಕಿ ಏರ್ಕೋತ ಹೊಂಟಿದ್ರ ಡಿಸ್ಕ್ ಬದಲಿಸ್ರಿ.

ಬ್ಯಾಡಗಿ ಓದುಮನಿ

ಕೆಜಿಪಿ ಬಂತ್ರಿ, ಮೌಸ್‌ಪ್ಯಾಡ್‌ನ್ಯಾಗ ಐದೂ ಪದ ಸರಿ. ಕಡೀದು ಒಂದು: ಹುಡುಗರು ಪ್ಯಾನೆಲ್ ತಗೀತಾರ, ವಾಲ್‌ಪೇಪರ್ ಬದಲಸ್ತಾರ. ಲಾಗೌಟ್ ಆದಕೂಡ್ಲೆ ಮೊದಲಿನಂಗ ಆಗೂ ಹಂಗ ಮಾಡಬಹುದೇನು?

ಸಪ್ತಾಪುರ ಶೆಲ್

ಮಾಡಬಹುದು. ಓದುಗ ಎಂಬ ಅರ್ಥದ ಒಂದು ಖಾತೆ ಮಾಡಿ, ಇಂಗ್ಲಿಷ್ ಸಣ್ಣಕ್ಷರದಲ್ಲಿ, ಸುಡೊ ಗುಂಪಿಗೆ ಸೇರಿಸದೆ. ಪ್ಯಾನೆಲ್, ಫಾಂಟ್, ಐಬಸ್ ಎಲ್ಲ ನಿಮಗೆ ಬೇಕಾದಂತೆ ಹೊಂದಿಸಿ ಲಾಗೌಟ್ ಆಗಿ. ಆ ಖಾತೆಯ ಹೋಮ್ ಫೋಲ್ಡರನ್ನು /ಆಪ್ಟ್/ಮಾದರಿ ಎಂಬಲ್ಲಿಗೆ ನಕಲು ಮಾಡಿ (ಈ ದಾರಿಯ ಆಪ್ಟ್ ಅಂದರೆ ಓ-ಪಿ-ಟಿ, ಪ್ಯಾಕೇಜ್ ತರುವ ಆಪ್ಟ್ ಅಲ್ಲ). ಫೋಲ್ಡರ್ ನಕಲು ಮಾಡುವ ಆರ್‌ಸಿಂಕ್ ಪ್ಯಾಕೇಜ್ ಹಾಕಿ, /ಯುಎಸ್‌ಆರ್/ಲೋಕಲ್/ಎಸ್‌ಬಿನ್ ಒಳಗೆ ಎರಡು ಸಾಲಿನ ಸ್ಕ್ರಿಪ್ಟ್:

#!/ಬಿನ್/ಎಸ್‌ಎಚ್
[ "$ಯೂಸರ್" = ಓದುಗ ] && ಆರ್‌ಸಿಂಕ್ -ಎ --ಡಿಲೀಟ್ --ಚೌನ್=ಓದುಗ:ಓದುಗ /ಆಪ್ಟ್/ಮಾದರಿ/ /ಹೋಮ್/ಓದುಗ/

ಯೂಸರ್ ಎಂಬುದು ಪೂರ್ತಿ ದೊಡ್ಡಕ್ಷರ. ಮೊದಲ ಫೋಲ್ಡರ್ ಹೆಸರಿನ ಕೊನೆಯ ಸ್ಲ್ಯಾಶ್ ಇರಲೇಬೇಕು. ಅದನ್ನು ಬಿಟ್ಟರೆ ಮಾದರಿ ಎಂಬ ಫೋಲ್ಡರೇ ಒಳಗೆ ಬಂದು ಕೂರುತ್ತದೆ, ಹುಡುಗರು ಬದಲಿಸಿದ್ದು ಹಾಗೇ ಉಳಿಯುತ್ತದೆ. ಮೊದಲ ಸಲ --ಡ್ರೈ-ರನ್ ಸೇರಿಸಿ ಕೈಯಿಂದ ಓಡಿಸಿ ನೋಡಿ.

ಸ್ಕ್ರಿಪ್ಟ್‌ಗೆ ಸಿಎಚ್‌ಮೋಡ್ 755 ಕೊಟ್ಟು, /ಇಟಿಸಿ/ಲೈಟ್‌ಡಿಎಂ/ಲೈಟ್‌ಡಿಎಂ.ಕಾನ್ಫ್ ಒಳಗೆ [ಸೀಟ್:*] ಭಾಗದಲ್ಲಿ ಸೆಷನ್-ಕ್ಲೀನಪ್-ಸ್ಕ್ರಿಪ್ಟ್= ಎಂದು ಅದರ ಪೂರ್ತಿ ದಾರಿ ಬರೆಯಿರಿ. ಲಾಗೌಟ್ ಆದಾಗ ಲೈಟ್‌ಡಿಎಂ ಅದನ್ನು ರೂಟ್ ಆಗಿ ಓಡಿಸುತ್ತದೆ. ಪ್ಲಗ್ ಕಿತ್ತು ಆರಿಸಿದರೆ ಓಡುವುದಿಲ್ಲ, ಮುಂದಿನ ಲಾಗೌಟ್‌ಗೆ ಸರಿಹೋಗುತ್ತದೆ.

ಹುಡುಗರು ಉಳಿಸಿದ ಕಡತವೂ ಹೋಗುತ್ತದೆ. ಅದಕ್ಕೆ /ಎಸ್‌ಆರ್‌ವಿ/ಕಡತ ಎಂಬ ಫೋಲ್ಡರ್ ಬೇರೆ ಮಾಡಿ, ಒಡೆತನ ಓದುಗ ಖಾತೆಗೆ ಕೊಟ್ಟು, ಅದರ ಕೊಂಡಿಯನ್ನು ಮಾದರಿಯ ಡೆಸ್ಕ್‌ಟಾಪ್ ಮೇಲೆ ಇಡಿ. ಒಂದು ಮಶೀನಿನಲ್ಲಿ ಮಾಡಿ ವಾರ ನೋಡಿ, ಆಮೇಲೆ /ಆಪ್ಟ್/ಮಾದರಿಯನ್ನು ಉಳಿದವಕ್ಕೆ ಒಯ್ಯಿರಿ. ಪೆನ್‌ಡ್ರೈವ್‌ನಲ್ಲಿ ಒಯ್ಯುವಾಗ ಟಾರ್ ಮಾಡಿ ಒಂದೇ ಕಡತವಾಗಿ ಕಟ್ಟಿಕೊಳ್ಳಿ, ನೇರ ನಕಲು ಮಾಡಿದರೆ ಫ್ಯಾಟ್ ಫಾರ್ಮ್ಯಾಟ್‌ನಲ್ಲಿ ಅನುಮತಿಗಳು ಕಳೆದುಹೋಗುತ್ತವೆ.